ಐಸಿಗೊಂದು ಕಂಬಳಿ

ನನ್ನ ಹೆಸರು ಮೂಕಮ್ಮ. ಅದು ದೇವಿಯ ಹೆಸರು, ಇಟ್ಟವಳು ನಮ್ಮ ಆಯಿ, ನನ್ನ ಅಜ್ಜಿ. ಇಟ್ಟಾಗ ಯಾರೂ ತಕರಾರು ಮಾಡಲಿಲ್ಲ. ನನಗೆ ಮಾತು ಬಂದ ಮೇಲೆ ಎಲ್ಲರಿಗೂ ತಕರಾರು ಶುರುವಾಯಿತು. ಎಂಟನೆಯ ತರಗತಿ ಮುಗಿಸಿ ರಾಯಚೂರಿನ ಹಾಸ್ಟೆಲಿನಿಂದ ದೇವದುರ್ಗಕ್ಕೆ ಬಂದಾಗ, ನಮ್ಮ ಓಣಿಯಲ್ಲಿ ನನ್ನ ಬಾಯಿಗೆ ಸಿಗದೆ ಉಳಿದವು ಕುರಿಗಳಷ್ಟೇ. ಅವೂ ನನ್ನನ್ನು ಕಂಡರೆ ಆ ಕಡೆ ಮುಖ ಮಾಡಿ ನಿಲ್ಲುತ್ತಿದ್ದವು.

ಅದು ಎಂಬತ್ಮೂರನೇ ಇಸವಿಯ ಬೇಸಿಗೆ. ಅಕ್ಕ ಕರೆಮ್ಮನ ಮದುವೆ ಗೊತ್ತಾಗಿತ್ತು. ಗಂಡಿನವರು ಮಾನ್ವಿ ಕಡೆಯ ಕುರ್ಡಿಯವರು. ಹುಡುಗ ಶಕ್ತಿನಗರದಲ್ಲಿ, ಆಗಿನ್ನೂ ಕಟ್ಟುತ್ತಿದ್ದ ಕರೆಂಟಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಯಾವುದೋ ಇಂಜಿನಿಯರ್ ಸಾಹೇಬರ ಮನೆಯಲ್ಲಿ ಒಂದು ಸಲ ಐಸ್ ಹಾಕಿದ ನೀರು ಕುಡಿದಿದ್ದನಂತೆ. ಕುಡಿದವನು ಸುಮ್ಮನಿದ್ದ. ಅವನ ತಾಯಿ ಮಾರೆಮ್ಮ ಸುಮ್ಮನಿರಲಿಲ್ಲ.

ನಿಶ್ಚಯದ ದಿನ ನಮ್ಮ ಪಡಸಾಲೆಯಲ್ಲಿ ಕೂತು, ನಾವು ಕೊಟ್ಟ ಬೆಲ್ಲದ ಪಾನಕವನ್ನು ಒಂದು ಗುಟುಕು ಕುಡಿದು, "ಚೆಂದ ಅದ್ರಿ. ಆದ್ರ ನಮ್ಮ ಹುಡುಗಗ ಐಸ್ ಹಾಕಿದ್ದು ರೂಢಿ ಆಗಿಬಿಟ್ಟಾದ" ಅಂದಳು.

ನನ್ನ ಅಜ್ಜ, ಮುತ್ಯಾ ಕನಕಪ್ಪ, ಮನೆಯ ಯಜಮಾನ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೀಗ್ತಿ ಮುಂದೆ ಸಿಟ್ಟು ಮಾಡುವಂತಿಲ್ಲ, ನುಂಗುವಂತೆಯೂ ಇಲ್ಲ. "ಐಸ್ ತಾನೇ? ಮದುವಿಗಿ ಬರ್ರಿ. ನಿಮ್ಮ ದಿಬ್ಬಣ ಈ ಬಾಗಲಾಗ ಕಾಲಿಟ್ಟ ಕೂಡ್ಲೇ ಐಸ್ ಹಾಕಿದ ಶರಬತ್ತು ಕೊಡ್ತೀನಿ" ಅಂದುಬಿಟ್ಟ.

ಅವರು ಹೋದ ಮೇಲೆ ಮನೆಯಲ್ಲಿ ಗದ್ದಲ. ನಮ್ಮ ಓಣಿಗೆ ಗೊತ್ತಿದ್ದ ಐಸೆಂದರೆ ಸೈಕಲ್ ಮೇಲೆ ಬರುವ ಐಸ್‌ಕ್ಯಾಂಡಿಯ ಡಬ್ಬಿ. ದಿಬ್ಬಣಕ್ಕಾಗುವಷ್ಟು ಬೇಕಂದರೆ ರಾಯಚೂರಿನಿಂದಲೇ ತರಬೇಕು. ಎರಡು ತಾಸಿನ ಬಸ್ಸು. ರಾಯಚೂರಿನ ಬಿಸಿಲು ಬೇರೆ.

"ನಾ ತರ್ತೀನಿ" ಅಂದೆ. "ಕಂಬಳ್ಯಾಗ ಸುತ್ಕೊಂಡು ತರ್ತೀನಿ."

ಪಡಸಾಲೆಯೆಲ್ಲ ನಕ್ಕಿತು. ಕಾಕಾ ಪರಮಣ್ಣನಂತೂ ಕಂಬ ಹಿಡಿದುಕೊಂಡು ನಕ್ಕ.

"ಕಂಬಳಿ ಅಂದ್ರೇ ಕಾವು, ಹುಚ್ಚಿ" ಅಂದ ಮುತ್ಯಾ. "ಐಸಿಗಿ ಕಂಬಳಿ ಹೊಚ್ಚೂದು ಅಂದ್ರ ತತ್ತಿ ಮ್ಯಾಲ ಕೋಳಿ ಕುಂದ್ರಿಸಿದಂಗ. ಇದನ್ನೇ ಏನು ರಾಯಚೂರಾಗ ಕಲಿಸ್ತಾರ? ಎಂಟನೇತ್ತ ಆತು, ಸಾಕು ಬಿಡು. ಇಷ್ಟು ಕಲ್ತಿದ್ದೇ ಹೆಚ್ಚಾತು."

ಅವನು ಆ ಮಾತನ್ನು ತಮಾಷೆಗೆ ಹೇಳಲಿಲ್ಲವೆಂದು ನನಗೆ ಗೊತ್ತಿತ್ತು. ಒಂದು ತಿಂಗಳಿನಿಂದ ಅದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದ. ನನ್ನ ಮೈ ಉರಿದುಹೋಯಿತು. "ಕಟ್ಟು ಪಂಥ" ಅಂದೆ.

ಮುತ್ಯಾ ಪಂಥಕ್ಕೆ ಹಿಂಜರಿದವನಲ್ಲ. "ಬೀಗರು ಬಂದು ಕುಂತಾಗ ಒಂದು ಹಿಡಿ ಐಸ್ ಉಳಿದಿರ್ಬೇಕು. ಉಳೀತೋ, ಒಂಬತ್ತನೇತ್ತಕ್ಕ ಹೋಗು. ಇಲ್ಲಂದ್ರ ಪಾಟಿಚೀಲ ಗೂಟಕ್ಕ ಹಾಕಿ ಕುರಿ ಹಿಂದ ನಡಿ."

ಅಷ್ಟು ಧೈರ್ಯ ನನಗೆ ಬಂದದ್ದು ನಮ್ಮ ಗೋಪಮ್ಮ ಟೀಚರಿಂದ. ವಿಜ್ಞಾನದ ಪಿರಿಯಡ್ಡಿನಲ್ಲಿ ಅವರು ಗಡಿಗೆಯ ತಣ್ಣೀರನ್ನು ಎರಡು ತಂಬಿಗೆಗೆ ತುಂಬಿ, ಒಂದನ್ನು ಹಾಗೇ ಇಟ್ಟು, ಇನ್ನೊಂದಕ್ಕೆ ಕಂಬಳಿ ಸುತ್ತಿದ್ದರು. ಊಟದ ಹೊತ್ತಿಗೆ ಬರಿ ತಂಬಿಗೆಯ ನೀರು ಬೆಚ್ಚಗಾಗಿತ್ತು, ಕಂಬಳಿಯೊಳಗಿನದು ಇನ್ನೂ ತಣ್ಣಗಿತ್ತು. "ಕಂಬಳಿಗೆ ತನ್ನದು ಅಂತ ಬಿಸಿ ಇಲ್ಲ, ಹುಡುಗ್ಯಾರ" ಅಂದಿದ್ದರು ಟೀಚರು. "ಅದರ ಎಳಿ ನಡುವ ಗಾಳಿ ಸಿಕ್ಕೊಂಡು ಕುಂತಿರ್ತದ. ಹಂಗ ಕುಂತ ಗಾಳಿ ಬಿಸಿ ದಾಟಿಸೋದ್ರಾಗ ಭಾಳ ಸೋಮಾರಿ. ಚಳಿಗಾಲದಾಗ ನಿಮ್ಮ ಮೈಬಿಸಿ ಹೊರಗ ಹೋಗದಂಗ ತಡೀತದ. ಬ್ಯಾಸಗ್ಯಾಗ ಹೊರಗಿನ ಬಿಸಿ ಒಳಗ ಬರದಂಗ ತಡೀತದ. ಬಿಸಿ ಯಾವಾಗ್ಲೂ ಬಿಸಿ ಇದ್ದ ಕಡಿಂದ ತಂಪಿದ್ದ ಕಡಿಗೇ ನಡೀತದ."

ಆ ಪಾಠ ನನಗೆ ಬಾಯಿಪಾಠವಾಗಿತ್ತು. ಆದರೆ ಬಾಯಿಪಾಠ ಬೇರೆ, ಬೇಸಿಗೆಯ ಬಸ್ಸು ಬೇರೆ.

ದಿಬ್ಬಣ ಬರುವ ಹಿಂದಿನ ದಿನವೇ ನಾನೂ ಪರಮಣ್ಣ ಕಾಕಾನೂ ರಾಯಚೂರಿಗೆ ಹೋಗಿ ಉಳಿದೆವು. ಜೊತೆಗೆ ಮದುವೆಗೆಂದು ನೇಯಿಸಿದ ಹೊಸ ಕರಿ ಕಂಬಳಿ. ಮನೆಯಲ್ಲಿ ಅದಕ್ಕಿಂತ ದಪ್ಪದ್ದು ಇರಲಿಲ್ಲ. "ನಾಳಿ ಮಧ್ಯಾಹ್ನ ಅರಿಷಿಣಕ್ಕ ಇದೇ ಗದ್ದಿಗಿ ಆಗ್ಬೇಕು, ಜ್ವಾಕಿ" ಎಂದು ಆಯಿ ಆದೆಮ್ಮ ಹತ್ತು ಸಲ ಹೇಳಿದ್ದಳು. ನಮ್ಮ ಕುರುಬರಲ್ಲಿ ಕಂಬಳಿಯ ಗದ್ದಿಗೆ ಹಾಸದೆ ಯಾವ ಶಾಸ್ತ್ರವೂ ಆಗುವುದಿಲ್ಲ.

ಬೆಳಗಿಗೆ ಐಸಿನ ಅಂಗಡಿಯ ಅಮೀರ್ ಸಾಬ್ ಒಂದು ದೊಡ್ಡ ಗಡ್ಡೆ ಕಡಿದು, ಕಟ್ಟಿಗೆ ಹೊಟ್ಟು ತುಂಬಿದ ಗೋಣಿಚೀಲದಲ್ಲಿಟ್ಟು ಕೊಟ್ಟ. ನಾನು ಅದರ ಮೇಲೆ ಕಂಬಳಿಯನ್ನು ಬಿಗಿಯಾಗಿ ಸುತ್ತಿದೆ. "ವ್ಹಾ ಬೇಟಿ, ಐಸಿಗಿ ಚಳಿ ಬಂದಾದೇನು?" ಎಂದು ಅವನೂ ನಕ್ಕ. ನಾನು ಗಂಟು ಎತ್ತಿಕೊಂಡು ಬಸ್ಸಿನ ಕಡೆ ನಡೆದೆ. ಎಲ್ಲರಿಗೂ ಉತ್ತರ ಕೊಡುತ್ತ ನಿಂತರೆ ಐಸು ನಿಲ್ಲುತ್ತದೆಯೇ?

ಬಸ್ಸಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಲ್ಮಲಾ ಬರುವಷ್ಟರಲ್ಲಿ ಕಾಕಾ ಶುರು ಮಾಡಿದ.

"ಮೂಕಿ, ಒಂದೀಟು ಬಿಚ್ಚಿ ನೋಡಾಮು. ಐತೋ ಇಲ್ಲೋ?"

"ಬಿಚ್ಚಿದ್ರ ಬಿಸಿಗಾಳಿ ಒಳಗ ಹೋಗ್ತದ. ಸುಮ್ನ ಕುಂದ್ರು ಕಾಕಾ."

"ಸೆರಗು ಎತ್ತಿದಂಗ ಎತ್ತಿ ಮುಚ್ಚಿದ್ರಾತು."

"ಕೈ ತೆಗಿ!"

ಎದುರು ಸೀಟಿನಲ್ಲಿದ್ದ ಒಬ್ಬ ಮುದುಕಿ ನಮ್ಮನ್ನು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಮೇ ತಿಂಗಳ ಬಿಸಿಲು, ನನ್ನ ತೊಡೆಯ ಮೇಲೆ ಕಂಬಳಿಯ ಗಂಟು, ನಾವಿಬ್ಬರೂ ಪಿಸುಗುಡುವುದು, ಕೆಳಗೆ ತೊಟ್ಟಿಕ್ಕುತ್ತಿರುವ ನೀರು. ಅವಳಿಗೆ ಒಂದೇ ಅರ್ಥ ಹೊಳೆಯಿತು.

"ಏನ್ ಮಂದೀರೇ ನೀವು! ಇಂಥಾ ಬಿಸಲಾಗ ಕೂಸಿಗಿ ಕಂಬಳಿ ಹೊಚ್ಚೀರಲ್ಲ, ಉಸರು ಕಟ್ಟಲ್ಲೇನು? ಉಚ್ಚಿನೂ ಹೊಯ್ಕೊಂಡಾದ, ಪಾಪ" ಎಂದವಳೇ ನಾನು ತಡೆಯುವಷ್ಟರಲ್ಲಿ ಕಂಬಳಿಯ ಅಂಚಿನಿಂದ ಕೈ ತೂರಿಸಿ, ಗೋಣಿಯನ್ನೂ ಸರಿಸಿ ಮುಟ್ಟಿದಳು.

ಕೈಯನ್ನು ಫಕ್ಕನೆ ಎಳೆದುಕೊಂಡಳು. ಆಮೇಲೆ ಹಣೆ ಹಣೆ ಬಡಿದುಕೊಂಡು, "ಯವ್ವಾ, ಕೂಸು ತಣ್ಣಗಾಗಿ ಹೋಗ್ಯಾದಲ್ಲೇ! ಸೆಟೆದು ಕಲ್ಲಾಗ್ಯಾದಲ್ಲೇ!" ಎಂದು ಹಾಡಿ ಅಳತೊಡಗಿದಳು.

ಡ್ರೈವರ್ ಬ್ರೇಕ್ ಹಾಕಿದ. ಬಸ್ಸಿನ ಮಂದಿಯೆಲ್ಲ ಎದ್ದು ನಿಂತರು. ಕಂಡಕ್ಟರ್ ಓಡಿ ಬಂದ. ಆಗಲಾದರೂ ನಮ್ಮ ಕಾಕಾ ನೆಟ್ಟಗೆ ಮಾತಾಡಬಾರದೇ? ಗಾಬರಿಯಲ್ಲಿ ಕೈ ಮುಗಿದು, "ಇಲ್ರೀ, ಅದು ರಾಯಚೂರಾಗಿಂದನೂ ತಣ್ಣಗೇ ಅದ್ರಿ" ಅಂದ.

ಮುದುಕಿಯ ಜೊತೆಗೆ ಇನ್ನಿಬ್ಬರು ಹೆಂಗಸರು ಅಳತೊಡಗಿದರು. "ಹೆಣ ತರಾಕ ಇದು ಸರಕಾರಿ ಬಸ್ಸೋ, ಏನೋ? ಇಳೀರಿ ಮೊದ್ಲು!" ಎಂದ ಕಂಡಕ್ಟರ್.

ಗಬ್ಬೂರು ಇನ್ನೂ ದೂರ. ಆ ಬಟಾಬಯಲಿನಲ್ಲಿ ಇಳಿದರೆ ನನ್ನ ಒಂಬತ್ತನೇ ತರಗತಿ ಅಲ್ಲೇ ಕರಗಿ ಹೊಲ ಸೇರುತ್ತಿತ್ತು. ಬೇರೆ ದಾರಿಯಿಲ್ಲದೆ ಗಂಟು ಬಿಚ್ಚಿ ತೋರಿಸಿದೆ. ಅಳು ನಿಂತಿತು. ಆದರೆ ಮುಟ್ಟುವುದು ಶುರುವಾಯಿತು. ಬಸ್ಸಿನಲ್ಲಿದ್ದ ಕೈಗಳೆಲ್ಲ ಐಸಿನ ಮೇಲೆ. ಒಬ್ಬ ಹಣೆಗೆ ಒತ್ತಿಕೊಳ್ಳಲು ಬಗ್ಗಿದ, ಇನ್ನೊಬ್ಬ ಕಣ್ಣಿಗೆ.

"ಮುಟ್ಟಬ್ಯಾಡ್ರಿ! ನಿಮ್ಮ ಕೈಯಾಗಿನ ಬಿಸಿಯೆಲ್ಲ ಐಸಿಗಿ ಹೋಗಾಕತ್ತಾದ! ನಿಮಗ ತಂಪು ಅನಿಸೋದು ಅದಕ್ಕೇ!" ಎಂದು ಒಂದೊಂದೇ ಕೈಗೆ ಹೊಡೆದು ಸರಿಸಿ ಮತ್ತೆ ಸುತ್ತಿದೆ. ಮುದುಕಿ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡವ್ವ, ಕೂಸು ಗಟ್ಟಿ ಅದಲ್ಲ, ಅಷ್ಟೇ ಸಾಕು" ಅಂದಳು.

ದೇವದುರ್ಗ ಮುಟ್ಟಿ ಮನೆಯಲ್ಲಿ ಗಂಟು ಬಿಚ್ಚಿದಾಗ, ಗಡ್ಡೆಯ ಮೂಲೆಗಳು ಸವೆದಿದ್ದವು ಅಷ್ಟೇ. ಮುಕ್ಕಾಲು ಪಾಲು ಹಾಗೇ ಇತ್ತು. ಓಣಿಗೆ ಓಣಿಯೇ ಬಂದು ನೋಡಿತು. ಮುತ್ಯಾ ಬಗ್ಗಿ ನೋಡಿ, "ಹ್ಞಾಂ" ಅಂದು ಮೀಸೆ ತಿರುವಿದ. "ಇನ್ನೂ ಬೀಗರು ಬಂದಿಲ್ಲ."

ಐಸನ್ನು ಮತ್ತೆ ಬಿಗಿಯಾಗಿ ಸುತ್ತಿಟ್ಟೆ. ಮೈಲಿಗೆಯ ಬಸ್ಸಿನಿಂದ ಬಂದವಳು ಸ್ನಾನ ಮಾಡದೆ ಏನನ್ನೂ ಮುಟ್ಟಬಾರದೆಂದು ಆಯಿ ನನ್ನನ್ನು ಬಚ್ಚಲಿಗೆ ಅಟ್ಟಿದಳು. ಸ್ನಾನವಾದ ಮೇಲೆ ಒಂದು ಗಳಿಗೆ ಎಂದು ಗೋಡೆಗೆ ಒರಗಿದೆ. ಹಾಳು ನಿದ್ದೆ ಹತ್ತಿಬಿಟ್ಟಿತು.

ಎದ್ದು ಅಂಗಳಕ್ಕೆ ಬಂದಾಗ ಕಂಡದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಅಂಗಳದ ನಟ್ಟನಡುವೆ, ಬಿಸಿಲಿಗೆ ಕಾದ ಕಲ್ಲುಬಂಡೆಯ ಮೇಲೆ, ಫಳಫಳ ಬೆಳಗಿದ ತಾಮ್ರದ ಅಗಲ ತಟ್ಟೆ, ಪರಾತ. ಪರಾತದಲ್ಲಿ ನನ್ನ ಐಸು. ಅದರ ಹಣೆಗೆ, ಐಸಿಗೆ ಹಣೆ ಅಂತ ಇದ್ದರೆ ಅಲ್ಲಿಗೆ, ಕುಂಕುಮ ಹಚ್ಚಿದ್ದಾರೆ. ಅದು ಕರಗಿ ಕೆಂಪಗೆ ಇಳಿಯುತ್ತಿದೆ. ಆಚೆ ಈಚೆ ಇಬ್ಬರು ಅತ್ತೆಯರು ಬೀಸಣಿಕೆ ಹಿಡಿದು ಬೀಸುತ್ತಿದ್ದಾರೆ. ಆಯಿ ಮೇಲ್ವಿಚಾರಣೆಗೆ ನಿಂತಿದ್ದಾಳೆ. ಗಡ್ಡೆ ಎರಡು ತೆಂಗಿನಕಾಯಿಯಷ್ಟಾಗಿದೆ.

"ಆಯಿ, ಏನ್ ಮಾಡೀರಿ ಇದು!"

"ಯಾಕ ಒದರ್ತಿ? ಬಿಸಲಾಗಿಂದ ಬಂದಾದ, ಉಪಚಾರ ಮಾಡಬಾರದೇನು?" ಅಂದಳು ಆಯಿ. "ಹೊಟ್ಟು ಮೆತ್ತಿತ್ತು. ಬೀಗರಿಗಿ ಅದನ್ನ ಹಂಗೇ ಹಾಕ್ತಾರೇನು? ತೊಟ್ಟಿ ನೀರಾಗ ಜಳಕ ಮಾಡಿಸ್ದೆ. ಕರಗಾಕತ್ತಿತ್ತು. ಸೆಕಿ ಆಗಾಕತ್ತಾದ ಪಾಪ ಅಂತ ಬೀಸಾಕ ಹಚ್ಚೀನಿ. ಬೀಸಿದಷ್ಟೂ ಕರಗಾಕತ್ತಾದ ನೋಡು, ಇನ್ನೂ ಜೋರು ಬೀಸ್ರೇ!"

ಮನೆಗೆ ಬಂದವರಿಗೆ ನೀರು, ನೆರಳು, ಗಾಳಿ ಕೊಡುವುದು ನಮ್ಮ ಮನೆಯ ರೀತಿ. ಐಸಿಗೂ ಕೊಟ್ಟಿದ್ದರು, ನೆರಳೊಂದನ್ನು ಬಿಟ್ಟು. ನನಗೆ ಅಳು ಬಂತು. ಅಳುವುದಕ್ಕಿಂತ ಬೈಯುವುದು ರೂಢಿಯಾದ್ದರಿಂದ ಬೈಯಲು ನಿಂತೆ.

"ಆಯಿ, ಒಲಿ ಮ್ಯಾಲಿನ ಸಾರಿನಾಗ ಕಬ್ಬಿಣದ ಸೌಟು ಬಿಟ್ರ ಏನಾಗ್ತದ?"

"ಹಿಡಿಕಿ ಸುಡ್ತದ."

"ಬೆಂಕಿ ಇರೋದು ಕೆಳಗ, ಹಿಡಿಕಿ ಯಾಕ ಸುಡ್ತದ? ಬಿಸಿ ಸೌಟಿನಾಗ ಹಾದು ಮ್ಯಾಲ ಬರ್ತದ. ಅದಕ್ಕ ವಹನ ಅಂತಾರ. ತಾಮ್ರ ಅದರಾಗ ಕಬ್ಬಿಣಕ್ಕಿಂತ ಜೋರು. ಕಾದ ಬಂಡಿ ಮ್ಯಾಲ ತಾಮ್ರದ ಪರಾತ ಇಟ್ಟೀರಿ, ಬಂಡಿ ಬಿಸಿನೆಲ್ಲ ಎತ್ತೆತ್ತಿ ಐಸಿಗಿ ಉಣಿಸಾಕತ್ತಾದ!"

ಅತ್ತೆಯರು ಪರಾತ ಎತ್ತಿದರು. ನೆರಳಿಗೆ ಒಯ್ಯುತ್ತಲೇ ಒಬ್ಬಳು ಇನ್ನೂ ಬೀಸುತ್ತಿದ್ದಳು.

"ಅದನ್ನ ನಿಲ್ಲಸು ಅತ್ತಿ! ಐಸಿನ ಸುತ್ತ ಒಂದೀಟು ತಣ್ಣನ ಗಾಳಿ ನಿಂತಿರ್ತದ. ನೀ ಬೀಸಿ ಅದನ್ನ ಓಡಿಸಿ, ಹೊಸಾ ಬಿಸಿಗಾಳಿ ಕರ್ಕೊಂಡು ಬರಾಕತ್ತೀದಿ. ಗಾಳಿ, ನೀರು ತಾವೇ ಓಡ್ಯಾಡಿ ಬಿಸಿ ಹೊತ್ಕೊಂಡು ಬಂದ್ರ ಅದು ಸಂವಹನ. ಅನ್ನ ಕುದಿಯಾಗ ತಳದ ಅಕ್ಕಿ ಮ್ಯಾಲ, ಮ್ಯಾಲಿನ ಅಕ್ಕಿ ತಳಕ್ಕ ತಿರಗಾಡೂದು ನೋಡಿಲ್ಲೇನು?"

"ಹಂಗಾರ ನನಗ ಬೀಸಿದ್ರ ತಂಪಾಗ್ತದಲ್ಲ?" ಆಯಿ ಸುಮ್ಮನೆ ಬಿಡುವವಳಲ್ಲ.

"ನೀ ಬೆವರ್ತಿ. ಬೆವರು ಆರುವಾಗ ನಿನ್ನ ಮೈಬಿಸಿ ತಗೊಂಡು ಹೋಗ್ತದ. ಐಸು ಬೆವರ್ತದೇನು?"

ಆಯಿ ಯೋಚಿಸಿ, "ಇಲ್ಲ" ಅಂದಳು. "ಆದ್ರ ಬಿಸಲಾಗಿಟ್ಟಿದ್ದಕ್ಕ ಏನಾತು? ಸೂರ್ಯ ಅಷ್ಟೆತ್ತರ ಅದಾನ. ಅವನೇನು ಮುಟ್ಟಿದನೇ?"

"ಮುಟ್ಟೂದು ಬೇಕಾಗಿಲ್ಲ ಆಯಿ. ನಡುವ ಗಾಳಿ ಇರ್ಲಿ ಬಿಡ್ಲಿ, ಅವನ ಬಿಸಿ ನೆಟ್ಟಗ ಬರ್ತದ. ಅದು ವಿಕಿರಣ. ಮೂರು ದಾರೀಲಿ ಬಿಸಿ ಬರ್ತದ, ಮೂರು ಬಾಗಲಾನೂ ನೀವು ತೆಗೆದಿಟ್ಟೀರಿ! ನನ್ನ ಕಂಬಳಿ ಎಲ್ಲಿ?"

ಎಲ್ಲರೂ ಒಳಗೆ ನೋಡಿದರು. ಕಂಬಳಿ ಗದ್ದಿಗೆಯಾಗಿತ್ತು. ಅದರ ಮೇಲೆ ಅಕ್ಕ ಕರೆಮ್ಮ ಮೈಯೆಲ್ಲ ಅರಿಷಿಣವಾಗಿ ಕೂತಿದ್ದಳು. ಶಾಸ್ತ್ರ ಮುಗಿಯದೆ ಅವಳನ್ನು ಎಬ್ಬಿಸುವಂತಿಲ್ಲ. ಗೋಣಿಚೀಲವನ್ನು ಅಮಂಗಳವೆಂದು ಕಾಕಾ ಬೀದಿಗೆ ಎಸೆದಿದ್ದ, ಅದನ್ನು ಯಾವುದೋ ಎಮ್ಮೆ ಮೆಲ್ಲುತ್ತಿತ್ತು. ಮನೆಯ ಉಳಿದ ಕಂಬಳಿಗಳೆಲ್ಲ ಆಚೆ ಓಣಿಯಲ್ಲಿ ಬೀಗರ ಬಿಡದಿಗೆ ಹಾಸಲು ಹೋಗಿದ್ದವು.

ಹತ್ತಿರ ಇದ್ದದ್ದು ಒಂದೇ. ಅದು ಮುತ್ಯಾನ ಹೆಗಲ ಮೇಲಿತ್ತು. ಹಳೆಯದು, ದಪ್ಪದ್ದು, ಕುರಿಯ ವಾಸನೆಯದು. ಅದಿಲ್ಲದೆ ಅವನನ್ನು ಯಾರೂ ಕಂಡಿರಲಿಲ್ಲ.

"ಮುತ್ಯಾ, ಕೊಡು."

"ಯಾಕ ಕೊಡ್ಲಿ? ನನ್ನ ಕಂಬಳಿ ಕೊಟ್ಟು ನನ್ನ ಪಂಥ ನಾನೇ ಸೋಲ್ಲೇನು?" ಅಂದ. "ಹೊಚ್ಚಿದ್ರ ಇರೋದೂ ಕರಗ್ತದ. ಬಸ್ಸಿನಾಗ ಏನೋ ನಿನ್ನ ನಸೀಬು ನಡೀತು."

ಐಸು ಒಂದು ತೆಂಗಿನಕಾಯಿಯಷ್ಟಾಗಿತ್ತು. ನನಗೆ ಆಗ ಯಾವ ಪಾಠವೂ ನೆನಪಾಗಲಿಲ್ಲ. ಕಂಬಳಿಯೊಂದೇ ಕಣ್ಣಿಗೆ ಕಂಡಿತು.

"ಹಂಗಾರ ಒಂದು ಹೇಳು. ನಡು ಬ್ಯಾಸಗ್ಯಾಗ ಕುರಿ ಹಿಂದ ಅಡವಿಗಿ ಹೋಗ್ತಿ. ಕಂಬಳಿ ಯಾಕ ಹೊಚ್ಕೊಂಡು ಹೋಗ್ತಿ? ಚಳಿಗೇನು?"

"ಯಾವ ಚಳಿ? ಬಿಸಲು ಮೈಗಿ ಹತ್ತಬಾರದಂತ. ನಮ್ಮಪ್ಪ ಹೊಚ್ಕೊಂತಿದ್ದ, ಅವರಪ್ಪ ಹೊಚ್ಕೊಂತಿದ್ದ..." ಎನ್ನುತ್ತ ಮುತ್ಯಾನ ಮಾತು ನಡುವೆಯೇ ನಿಂತಿತು.

ಅವನು ಹೆಗಲ ಮೇಲಿನ ಕಂಬಳಿಯನ್ನು ನೋಡಿದ. ಐಸನ್ನು ನೋಡಿದ. ಅರವತ್ತು ಬೇಸಿಗೆ ಅವನೇ ಆ ಕಂಬಳಿಯೊಳಗೆ ಐಸಿನಂತೆ ತಿರುಗಿದ್ದ.

ಮುತ್ಯಾ ಕಂಬಳಿ ತೆಗೆದು ಕೊಡವಿದ. ತಾನೇ ಕೂತು ಐಸನ್ನು ಎತ್ತಿ, ಕುರಿಮರಿಗೆ ಸುತ್ತುವ ಹಾಗೆ ಸುತ್ತಿ, ಕತ್ತಲ ಕೋಣೆಯ ಮೂಲೆಗೆ ಒಯ್ದಿಟ್ಟ. ಇಟ್ಟು ಅಲ್ಲೇ ಕಾವಲಿಗೆ ಕೂತ.

ಬೀಗರು ಬರಲಿಲ್ಲ. ಮಾನ್ವಿಯ ಹತ್ತಿರ ಅವರ ಬಸ್ಸಿನ ಟೈರು ಒಡೆದಿದೆ ಎಂದು ಸುದ್ದಿ ಬಂತು. ನಾನು ಬಾಗಿಲಿಗೂ ಕೋಣೆಗೂ ತಿರುಗಿ ಕಾಲು ಸವೆಸಿದೆ. ಪರಮಣ್ಣ ಕಾಕಾ ತಡೆಯಲಾರದೆ, "ಯಪ್ಪಾ, ಒಂದೀಟು ಎತ್ತಿ ನೋಡಾಮೇನು?" ಅಂದ.

"ಮುಚ್ಚಲೇ!" ಎಂದು ಮುತ್ಯಾ ಗುಡುಗಿದ. "ಬಿಸಿ ಒಳಗ ಹೋಗ್ತದ! ನಿನ್ನ ಕೈ ಮೊದ್ಲೇ ಕೆಂಡದಂಗಿರ್ತಾವ, ದೂರ ನಿಲ್ಲು!"

ಬರಿಮೈಯಲ್ಲಿ ಕೂತ ಅವನು ಬೆವರಿನಿಂದ ತೊಯ್ದುಹೋಗಿದ್ದ. ಆಯಿ ಬಾಗಿಲಲ್ಲಿ ಇಣುಕಿ, "ಮೂಕಿ, ಈ ಮುದುಕನಿಗಿ ಬೀಸಬಹುದೋ, ಇವನೂ ಕರಗ್ತಾನೋ?" ಎಂದು ಕೇಳಿದಳು.

"ಅವಗ ಬೀಸು ಆಯಿ. ಅವ ಬೆವರ್ಯಾನ."

ಹೊತ್ತು ಇಳಿಯುವಾಗ ಹಲಗೆ ಬಾರಿಸುವ ಸದ್ದು ಕೇಳಿತು. ದಿಬ್ಬಣ ಬಂತು. ಮಾರೆಮ್ಮ ಮುಂದೆ, ಮದುಮಗ ಹಿಂದೆ, ಮಿಕ್ಕವರು ಧೂಳಿನಲ್ಲಿ. ಚಾಪೆಯ ಮೇಲೆ ಕೂತರು. ಶರಬತ್ತಿನ ಕೊಡ ಸಿದ್ಧವಾಗಿತ್ತು. ಮುತ್ಯಾ ಕಂಬಳಿಯ ಗಂಟನ್ನು ಎತ್ತಿಕೊಂಡು ಪಡಸಾಲೆಗೆ ಬಂದು ಎಲ್ಲರೆದುರು ಬಿಚ್ಚತೊಡಗಿದ. ಒಂದು ಮಡಿಕೆ, ಎರಡು ಮಡಿಕೆ. ಕೊನೆಯ ಮಡಿಕೆ ತೆಗೆದಾಗ ಒಳಗೆ ನಿಂಬೆಗಿಂತ ದೊಡ್ಡ, ಮೂಸಂಬಿಗಿಂತ ಸಣ್ಣ ಒಂದು ತುಂಡು ಹೊಳೆಯಿತು.

ಮುತ್ಯಾ ಅದನ್ನು ತನ್ನ ಅಗಲ ಕೈಯಲ್ಲಿ ಹಿಡಿದ. ಅದು ಅಂಗೈಯ ಒಂದು ಮೂಲೆಗೂ ಸಾಲಲಿಲ್ಲ. ಹಿಡಿ ಎಂದು ಪಂಥ ಕಟ್ಟಿದ್ದೆವು. ಇದು ಅವನ ಅರ್ಧ ಹಿಡಿಯೂ ಅಲ್ಲ. ಸೋತೆ ಅಂದುಕೊಂಡು ತಲೆ ತಗ್ಗಿಸಿದೆ. ಗೂಟಕ್ಕೆ ತೂಗುಹಾಕಿದ ಪಾಟಿಚೀಲ ಕಣ್ಣೆದುರು ಬಂತು.

ಮುತ್ಯಾ ನನ್ನ ಕೈ ಎಳೆದು, ಐಸನ್ನು ಅಂಗೈಯಲ್ಲಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ಮಡಚಿದ. ಬೆರಳಿನ ಸಂದಿಯಿಂದ ಐಸು ಇಣುಕಿತು.

"ತುಂಬ್ಯಾದ" ಅಂದ.

"ಮುತ್ಯಾ, ಬಿಡು, ನನ್ನ ಕೈಬಿಸಿ ಹೋಗಾಕತ್ತಾದ ಅದಕ್ಕ" ಅಂದೆ.

ತುಂಡನ್ನು ಒಡೆದು ಒಂದು ಚೂರನ್ನು ಮದುಮಗನ ಲೋಟಕ್ಕೆ, ಉಳಿದದ್ದನ್ನು ಕೊಡಕ್ಕೆ ಹಾಕಿದರು. ಅವನು ಒಂದು ಗುಟುಕು ಕುಡಿದು, ಹಲ್ಲು ಝುಮ್ಮೆಂದು ಕೆನ್ನೆ ಹಿಡಿದುಕೊಂಡು, "ಅವತ್ತಿನ ಬೆಲ್ಲದ ಪಾನಕ ಇದ್ರ ಕೊಡ್ರಿ" ಅಂದ. ಮಾರೆಮ್ಮ ಮಾತ್ರ ಕೊಡದೊಳಗೆ ಇಣುಕಿ ನೋಡಿ, "ಇಷ್ಟೇ ಏನ್ರೀ ಐಸು? ಭಾರೀ ಮಾತು ಕೊಟ್ಟಿದ್ರಿ" ಎಂದು ನಕ್ಕಳು.

ಅವಳ ಹಿಂದೆ ಅವರ ಮಂದಿಯೂ ನಕ್ಕರು. ಮುತ್ಯಾ ಸಿಟ್ಟು ಮಾಡುತ್ತಾನೆಂದು ಎಲ್ಲರೂ ಅಂದುಕೊಂಡೆವು. ಅವನು ಒದ್ದೆ ಕಂಬಳಿಯನ್ನು ಹಿಂಡಿ ಮತ್ತೆ ಹೆಗಲಿಗೆ ಹಾಕಿಕೊಂಡ.

"ಇದು ಎಂಟನೇತ್ತ ಕಲ್ತಾಕಿ ತಂದ ಐಸ್ರೀ, ಬೀಗ್ತಿ. ಜೂನಿಗಿ ಮತ್ತ ರಾಯಚೂರಿಗಿ ಹೊಂಟಾಳ. ಹತ್ತನೇತ್ತ ಮುಗಿಸ್ಲಿ, ನಿಮ್ಮ ಸಣ್ಣ ಮಗನ ಮದುವಿಗಿ ಬಂಡಿ ತುಂಬ ತರ್ತಾಳ."

ಓಣಿಯವರೆಲ್ಲ ನನ್ನತ್ತ ತಿರುಗಿದರು, ನಾನು ಏನಾದರೂ ಅನ್ನುತ್ತೇನೆಂದು. ಒಂದು ಮಾತೂ ಹೊರಡಲಿಲ್ಲ. ಅಂದು ಸಂಜೆಯೆಲ್ಲ ನಾನು ಆಯಿ ಇಟ್ಟ ಹೆಸರಿನ ಹಾಗೆಯೇ ಇದ್ದೆ.